ಶಾಲೆ ಬದಲಿಸುವ ಹೊತ್ತು



ಪದ್ಧತಿಯಂತೆ ಆಶಯ ಭಾಷಣದಲ್ಲಿ ವಿಷಯದ ಹರವನ್ನೆಲ್ಲ ಹೇಳಬೇಕು. ನಾನು ಆ ಗೋಜಿಗೆ ಹೋಗುವುದಿಲ್ಲ. ಪಠ್ಯಕ್ರಮ, ಗಾಯ, ಆಹಾರ ಇವುಗಳ ಬಗ್ಗೆ ಮುಂದಿನ ಗೋಷ್ಠಿಗಳಲ್ಲಿ ಬಲ್ಲವರು ಮಾತಾಡಲಿದ್ದಾರೆ. ನಾನು ಒಂದೇ ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಬ್ಯಾಲೆಯನ್ನು ಬದುಕು ಮಾಡಿಕೊಳ್ಳಬೇಕೆಂದಿರುವ ಹದಿನಾಲ್ಕು ಹದಿನೈದರ ಹುಡುಗಿಯೋ ಹುಡುಗನೋ, ಇರುವ ಶಾಲೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕೇ ಬೇಡವೇ ಎಂದು ಹೇಗೆ ತೀರ್ಮಾನಿಸಬೇಕು? ಮನೆಯಲ್ಲಿ ಇದು ಪಿಸುಮಾತಿನಲ್ಲಿ ನಡೆಯುವ ಚರ್ಚೆ. ಶಾಲೆಯಲ್ಲಂತೂ ಯಾರೂ ಬಾಯಿಬಿಡುವುದಿಲ್ಲ.

ಬ್ಯಾಲೆಯಲ್ಲಿ ಈ ಪ್ರಶ್ನೆಗೆ ಗಡುವಿದೆ. ನೀಟ್‌ನಲ್ಲಿ ರ‍್ಯಾಂಕ್ ಬರದಿದ್ದರೆ ಇನ್ನೊಂದು ವರ್ಷ ಕೂತು ಬರೆಯಬಹುದು. ಇಲ್ಲಿ ಅಂಥ ಸವಲತ್ತು ಕಡಿಮೆ. ಲಂಡನ್ನಿನ ರಾಯಲ್ ಬ್ಯಾಲೆ ಸ್ಕೂಲ್ 11ನೇ ವಯಸ್ಸಿಗೇ ಮಕ್ಕಳನ್ನು ರಿಚ್ಮಂಡ್ ಪಾರ್ಕಿನ ವೈಟ್ ಲಾಡ್ಜ್‌ಗೆ ಸೇರಿಸಿಕೊಳ್ಳುತ್ತದೆ. 16ಕ್ಕೆ ಮತ್ತೆ ಆಯ್ಕೆ ನಡೆಸಿ, ಗೆದ್ದವರನ್ನಷ್ಟೇ ಕೋವೆಂಟ್ ಗಾರ್ಡನ್ನಿನ ಮೇಲಿನ ತರಗತಿಗಳಿಗೆ ತೆಗೆದುಕೊಳ್ಳುತ್ತದೆ. 1973ರಲ್ಲಿ ಶುರುವಾದ, ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಹೆಸರಾಂತ ಸ್ಪರ್ಧೆ ಇರುವುದು 15ರಿಂದ 18ರವರಿಗೆ. ಅದರ ಹಿಂದೆಯೇ ಬ್ಯಾಲೆ ಕಂಪನಿಗಳ ಆಡಿಷನ್ ಬರುತ್ತದೆ. ಅಂದರೆ ಮೈ ಬೆಳೆಯುತ್ತಿರುವ, ಮನಸ್ಸು ನಿಲ್ಲದಿರುವ ವರ್ಷಗಳಲ್ಲೇ ಇಡೀ ವೃತ್ತಿಯ ನಿರ್ಧಾರ ಆಗಿಬಿಡುತ್ತದೆ.

ಶಾಲೆ ಬದಲಿಸಿ ಬೆಳೆದವರು ಅನೇಕರಿದ್ದಾರೆ. ಹೆಸರಾಂತ ಬ್ಯಾಲೆ ನರ್ತಕ ಮಿಖಾಯಿಲ್ ಬರಿಷ್ನಿಕೋವ್ 1964ರಲ್ಲಿ, ಹದಿನಾರರ ವಯಸ್ಸಿನಲ್ಲಿ, ರಿಗಾ ಬಿಟ್ಟು ಲೆನಿನ್‌ಗ್ರಾಡಿನ ವಗಾನೋವಾ ಶಾಲೆಗೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಮೇಷ್ಟ್ರು ಅಲೆಕ್ಸಾಂಡರ್ ಪುಷ್ಕಿನ್. ಅದಕ್ಕೆ ಒಂಬತ್ತು ವರ್ಷ ಹಿಂದೆ ಉಫಾದಿಂದ ಅದೇ ಶಾಲೆಗೆ ಬಂದಿದ್ದ ಹದಿನೇಳರ ರುಡಾಲ್ಫ್ ನುರೆಯೆವ್, ಮುಂದೆ ಅಷ್ಟೇ ಹೆಸರಾದವರು, ಮೊದಲಿಗೆ ಬಿದ್ದದ್ದು ಬೇರೊಬ್ಬರ ಕೈಗೆ. ಅವರೊಂದಿಗೆ ಏನೂ ಆಗಿಬರಲಿಲ್ಲ. ತರಗತಿ ಬದಲಿಸಿಕೊಡಿ ಎಂದು ಹಟ ಹಿಡಿದು ನುರೆಯೆವ್ ಪುಷ್ಕಿನ್ ಬಳಿಗೆ ಹೋದರು. ಶಾಲೆ ಅದೇ, ಪಾಠಕ್ರಮವೂ ಅದೇ. ಆದರೆ ಕಲಿಸುವವರು ಬದಲಾದರು, ಅಷ್ಟು ಸಾಕಾಯಿತು. ಶಾಲೆ ಬಿಡುವ ಮಾತು ಮನೆಯಲ್ಲಿ ಎದ್ದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಇಲ್ಲೇ ಬೇರೆ ಶಿಕ್ಷಕರ ಬಳಿ ಕಲಿಯಲು ಆಗುತ್ತದೆಯೇ?

ಮಿಸ್ಟಿ ಕೋಪ್‌ಲೆಂಡ್ ಅವರ ಕತೆ ಅಷ್ಟು ಸಲೀಸಾಗಿಲ್ಲ. ಕ್ಯಾಲಿಫೋರ್ನಿಯಾದ ಸಾನ್ ಪೆಡ್ರೊದಲ್ಲಿ ಅವರು ಕಲಿಯಲು ಶುರು ಮಾಡಿದ್ದು 13ರಲ್ಲಿ. ಬ್ಯಾಲೆಯ ಲೆಕ್ಕದಲ್ಲಿ ಅದು ಬಹಳ ತಡ. ಮನೆಯಲ್ಲಿ ಕಷ್ಟ. ಶಿಕ್ಷಕಿ ಸಿಂಥಿಯಾ ಬ್ರಾಡ್ಲಿ ಹುಡುಗಿಯನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. 1998ರಲ್ಲಿ ಆಕೆ ಯಾರ ಬಳಿ ಇರಬೇಕೆಂದು ತಾಯಿಗೂ ಶಿಕ್ಷಕಿಗೂ ವ್ಯಾಜ್ಯವಾಗಿ, ಸಂಗತಿ ಕೋರ್ಟಿಗೆ ಹೋಯಿತು, ಪತ್ರಿಕೆಗಳಲ್ಲೂ ಬಂತು. ಕಡೆಗೆ ತಾಯಿಯ ಬಳಿಗೆ ಮರಳಿದ ಮಿಸ್ಟಿ, ಟೊರಾನ್ಸ್‌ನ ಇನ್ನೊಂದು ಶಾಲೆಯಲ್ಲಿ ಕಲಿಕೆ ಮುಂದುವರಿಸಿದರು. 2000ದಲ್ಲಿ ಅಮೆರಿಕನ್ ಬ್ಯಾಲೆ ಥಿಯೇಟರಿನ ಸ್ಟುಡಿಯೋ ಕಂಪನಿ ಸೇರಿ, 2015ರಲ್ಲಿ ಆ ಸಂಸ್ಥೆಯ ಪ್ರಿನ್ಸಿಪಲ್, ಅಂದರೆ ಅತ್ಯುನ್ನತ ದರ್ಜೆಯ ನರ್ತಕಿಯಾದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆ ಎನಿಸಿದರು. ಮೊದಲ ಶಿಕ್ಷಕಿ ಇಲ್ಲದಿದ್ದರೆ ಮಿಸ್ಟಿ ನರ್ತಕಿಯೇ ಆಗುತ್ತಿರಲಿಲ್ಲವೇನೋ. ಹಾಗೆಂದು ಆ ಋಣಕ್ಕಾಗಿ ಅಲ್ಲೇ ಉಳಿಯಬೇಕಿತ್ತು ಎನ್ನಲಾದೀತೇ?

ಋಣದ ವಿಷಯ ನಮಗೆ ಹೊಸದಲ್ಲ. ಭರತನಾಟ್ಯದ ಮನೆಗಳಲ್ಲಿ ಗುರುವನ್ನು ಬದಲಿಸಿದವರನ್ನು ಹೇಗೆ ನೋಡುತ್ತಾರೆಂದು ನಿಮಗೆ ಗೊತ್ತು. ರಂಗಪ್ರವೇಶದ ಆಹ್ವಾನ ಪತ್ರಿಕೆಯಲ್ಲಿ ಹಳೆಯ ಗುರುಗಳ ಹೆಸರು ಹಾಕಬೇಕೇ ಬೇಡವೇ ಎಂದು ಮನಸ್ತಾಪವಾದದ್ದುಂಟು. ಬೆಂಗಳೂರಿನ ಬ್ಯಾಲೆ ತರಗತಿಗಳಿಗೆ ಬರುವ ಎಷ್ಟೋ ಮಕ್ಕಳ ತಾಯಂದಿರು ಆ ಮನೆಗಳಿಂದಲೇ ಬಂದವರು. ಗುರುದ್ರೋಹದ ಭಯವನ್ನು ಅವರು ಜೊತೆಗೇ ತಂದಿರುತ್ತಾರೆ. ಭಯವಿದ್ದಲ್ಲಿ ಸರಿಯಾದ ಲೆಕ್ಕಾಚಾರ ಆಗುವುದಿಲ್ಲ.

ಲೆಕ್ಕ ತಪ್ಪಿಸುವ ಇನ್ನೊಂದು ಸಂಗತಿ ಮೈಯದ್ದು. ಹನ್ನೊಂದರಿಂದ ಹದಿನೈದರ ನಡುವೆ ಮಕ್ಕಳು ಸರ್ರನೆ ಉದ್ದವಾಗುತ್ತಾರೆ. ಮೂಳೆ ಬೆಳೆದ ವೇಗಕ್ಕೆ ಸ್ನಾಯು ಹೊಂದಿಕೊಂಡಿರುವುದಿಲ್ಲ. ನಿನ್ನೆ ಸಲೀಸಾಗಿ ಏರುತ್ತಿದ್ದ ಕಾಲು ಇಂದು ಏರದು, ಸುತ್ತು ಹೊಡೆದರೆ ಸಮತೋಲ ನಿಲ್ಲದು. ಮಗು ಅಳುತ್ತದೆ, ಮನೆಯವರು ಶಾಲೆಯನ್ನು ದೂರುತ್ತಾರೆ. ಇದು ಕೆಲವು ತಿಂಗಳು ಕಾದರೆ ಬಹುಪಾಲು ಸರಿಹೋಗುವಂಥದ್ದು. ಈ ಹೊತ್ತಿನಲ್ಲಿ ಅವಸರಪಟ್ಟು ಶಾಲೆ ಬದಲಿಸಿದರೆ ಹೊಸ ಶಿಕ್ಷಕರಿಗೆ ಕಾಣುವುದು ಆ ತಡವರಿಕೆ ಮಾತ್ರ; ಮೊದಲು ಹೇಗಿತ್ತೆಂದು ಅವರಿಗೇನು ಗೊತ್ತು?

ಹಾಗಾದರೆ ಏನನ್ನು ನೋಡಬೇಕು? ವಾರ್ಷಿಕೋತ್ಸವದ ವಿಡಿಯೋ ಬೇಡ, ಗೋಡೆಯ ಮೇಲಿನ ಟ್ರೋಫಿಗಳೂ ಬೇಡ. ಒಂದು ಮಾಮೂಲಿ ದಿನ, ಮಗು ಸೇರಬೇಕೆಂದಿರುವ ಮಟ್ಟದ ತರಗತಿಯ ಮೂಲೆಯಲ್ಲಿ ಕೂತು ನೋಡಿ. ಮೊದಲು ನೆಲ ನೋಡಿ: ಗ್ರಾನೈಟ್ ಅಥವಾ ಕಾಂಕ್ರೀಟಿನ ಮೇಲೆ ಬರೀ ಒಂದು ಹಾಳೆ ಹಾಸಿದ್ದಾರೋ, ಅಥವಾ ಕೆಳಗೆ ಮರದ ಚೌಕಟ್ಟು ಕೊಟ್ಟು ನೆಗೆತದ ಪೆಟ್ಟನ್ನು ತಾಳುವಂತೆ ಕಟ್ಟಿದ್ದಾರೋ. ಆಮೇಲೆ ಕಂಬಿ ಹಿಡಿದು ಮಾಡುವ ಅಭ್ಯಾಸ. ಐದನೇ ಸ್ಥಾನದಲ್ಲಿ ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ನಿಂತಿರುತ್ತಾರಲ್ಲ, ಆಗ ಮಂಡಿಯತ್ತ ನೋಡಿ. ಕಾಲನ್ನು ಹೊರಕ್ಕೆ ತಿರುಗಿಸುವ ಕೆಲಸ ಆಗಬೇಕಾದದ್ದು ಸೊಂಟದ ಕೀಲಿನಲ್ಲಿ. ಅಲ್ಲಿ ಆಗದೆ ಪಾದವನ್ನಷ್ಟೇ ತಿರುಚಿ ನಿಂತಿದ್ದರೆ ಮಂಡಿ ಮುಂದಕ್ಕೇ ನೋಡುತ್ತಿರುತ್ತದೆ, ಪಾದದ ಒಳಬದಿ ನೆಲಕ್ಕೆ ಕುಸಿದಿರುತ್ತದೆ. ಶಿಕ್ಷಕಿ ಅದನ್ನು ಕಂಡು, ‘ಇಷ್ಟು ತಿರುಗಿದರೆ ಸಾಕು, ಸೊಂಟದಿಂದ ಮಾಡು’ ಎಂದು ಹೇಳಿ, ಮಗು ತಿದ್ದಿಕೊಂಡಿತೇ ಎಂದು ಎದುರಿಗೆ ನಿಂತು ನೋಡಿದರೆ ಒಳ್ಳೆಯ ತರಗತಿ. ‘ಚೆನ್ನಾಗಿದೆ’ ಎಂದು ಮುಂದಕ್ಕೆ ಹೋದರೆ, ಅಥವಾ ಮುಂದಿನ ಸಾಲಿನ ಇಬ್ಬರು ಮೂವರನ್ನಷ್ಟೇ ತಿದ್ದಿದರೆ, ಫೀಸು ಎಷ್ಟಿದ್ದರೂ ಅಲ್ಲಿ ನಿಮ್ಮ ಮಗುವಿಗೆ ಹೆಚ್ಚೇನೂ ಸಿಗದು.

ಶಾಲೆಯ ಜೊತೆಗೆ ಬ್ಯಾಲೆ ಕಲಿಸುವ ಪದ್ಧತಿಯೂ ಬದಲಾದರೆ ತೆರಬೇಕಾದ ಬೆಲೆಯೂ ಇದೆ. ಒಂದು ಕಾಲಿನ ಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಅರಬೆಸ್ಕ್ ಭಂಗಿ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್‌ನ ಪಠ್ಯದಲ್ಲಿ ಮೂರು, ವಗಾನೋವಾ ಪದ್ಧತಿಯಲ್ಲಿ ನಾಲ್ಕು, ಚೆಕೆಟ್ಟಿ ಪದ್ಧತಿಯಲ್ಲಿ ಐದು. ತಲೆಯ ಓರೆ, ಕೈಗಳ ಹೆಸರು ಎಲ್ಲ ಬೇರೆ. ಶಿಕ್ಷಕಿ ‘ಎರಡನೆಯದು’ ಎಂದಾಗ ಹೊಸ ಹುಡುಗಿ ಬೇರೇನೋ ಮಾಡಿ ನಿಲ್ಲುತ್ತಾಳೆ. ಹನ್ನೆರಡರಲ್ಲಿ ಇದು ತಮಾಷೆಯಾಗಿರುತ್ತದೆ. ಹದಿನಾರರಲ್ಲಿ, ಆಡಿಷನ್ ಹತ್ತಿರವಿದ್ದಾಗ, ನಿದ್ದೆಗೆಡಿಸುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಈ ಲೆಕ್ಕ ಯಾವುದೂ ಬೇಡ. ತೂಕದ ಬಗ್ಗೆ ಹೀಯಾಳಿಕೆ, ನೋವಿದ್ದರೂ ಕುಣಿಯಲೇಬೇಕೆಂಬ ಒತ್ತಡ, ಮುಟ್ಟು ನಿಂತರೂ ಕೇಳುವವರಿಲ್ಲದ ಸ್ಥಿತಿ ಇದ್ದಲ್ಲಿಂದ ಮಗುವನ್ನು ಆ ವಾರವೇ ಹೊರಗೆ ತನ್ನಿ. ದೊಡ್ಡ ಹೆಸರು ನಿಮ್ಮನ್ನು ತಡೆಯದಿರಲಿ. ವಿಯೆನ್ನಾ ಸ್ಟೇಟ್ ಒಪೆರಾದ ಬ್ಯಾಲೆ ಅಕಾಡೆಮಿಯ ಮೇಲೆ 2019ರಲ್ಲಿ, ಬರ್ಲಿನ್ನಿನ ಸರ್ಕಾರಿ ಬ್ಯಾಲೆ ಶಾಲೆಯ ಮೇಲೆ 2020ರಲ್ಲಿ ಇಂಥ ದೂರುಗಳು ಬಂದು, ತನಿಖಾ ಸಮಿತಿಗಳು ಕೂತು, ಮಕ್ಕಳ ಕ್ಷೇಮವನ್ನು ಅಲ್ಲಿ ಸರಿಯಾಗಿ ಕಾಯ್ದಿರಲಿಲ್ಲ ಎಂದೇ ಹೇಳಿದವು.

ನಮ್ಮ ದೇಶದ ಮಕ್ಕಳಿಗೆ ಒಂದು ಹಂತ ದಾಟಿದ ಮೇಲೆ ಶಾಲೆ ಬದಲಿಸುವುದೆಂದರೆ ದೇಶವನ್ನೇ ಬಿಡುವುದು. ದೆಹಲಿಯ ಇ-ರಿಕ್ಷಾ ಚಾಲಕರೊಬ್ಬರ ಮಗ ಕಮಲ್ ಸಿಂಗ್ 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಸ್ಕೂಲಿಗೆ ಆಯ್ಕೆಯಾದಾಗ ಖರ್ಚಿಗೆ ಜನರಿಂದ ಹಣ ಕೂಡಿಸಬೇಕಾಯಿತು. ಅವರನ್ನು ಅಷ್ಟರಮಟ್ಟಿಗೆ ತಯಾರು ಮಾಡಿ ಕಳಿಸಿದ್ದು ದೆಹಲಿಯ ಅವರ ಶಿಕ್ಷಕರೇ. ಶಿಷ್ಯನನ್ನು ಬಿಟ್ಟುಕೊಡುವುದೂ ಕಲಿಸುವವರ ಕೆಲಸವೇ ಎಂದು ಅವರು ತಿಳಿದಿದ್ದರು.

ಆದ್ದರಿಂದ ಇಲ್ಲಿರುವ ಶಿಕ್ಷಕರಲ್ಲಿ ಒಂದು ಕೋರಿಕೆ. ಮಗು ಶಾಲೆ ಬಿಡುವಾಗ ಒಂದು ಪುಟದ ದಾಖಲೆ ಬರೆದುಕೊಡಿ: ಯಾವ ಪದ್ಧತಿಯಲ್ಲಿ ಎಷ್ಟು ವರ್ಷ ಕಲಿತದ್ದು, ಬೆರಳ ತುದಿಯ ಮೇಲೆ ನಿಲ್ಲಲು ಬಳಸುವ ಪಾಯಿಂಟ್ ಶೂ ಹಾಕಿದ್ದು ಯಾವಾಗ, ಯಾವ ಗಾಯಗಳಾಗಿದ್ದವು, ಕಳೆದ ವರ್ಷ ಎಷ್ಟು ಎತ್ತರ ಬೆಳೆದದ್ದು, ಏನನ್ನು ತಿದ್ದುತ್ತಿದ್ದಿರಿ. ಅದರ ನಮೂನೆಯನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ವೈದ್ಯರೂ ನೀವೂ ಕೂತು ಸಿದ್ಧಪಡಿಸಿ, ಸಂಜೆ ಸಮಾರೋಪಕ್ಕೆ ಮುಂಚೆ ಸಭೆಯ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ.