ಕೋಲುಕುದುರೆಗೂ ಉಂಟು ಕಾಯಿದೆ ಕಟ್ಟಳೆ



ಹುಲ್ಲು ತಿನ್ನದ, ನೀರು ಕುಡಿಯದ ಕುದುರೆಯೊಂದು ಬೇಲಿಯ ಮುಂದೆ ಬಂದು ನಿಂತು 'ಹಾರಲಾರೆ' ಎಂದು ಹಟ ಹಿಡಿಯಬಲ್ಲದೇ? ಬಟ್ಟೆಯಿಂದ ಹೊಲಿದ ತಲೆ, ಉಣ್ಣೆನೂಲಿನ ಕೇಸರ, ಕೆಳಗೊಂದು ಮರದ ಕೋಲು. ಇಷ್ಟೇ ಆ ಕುದುರೆಯ ಮೈ. ಅದಕ್ಕೆ ಮನಸ್ಸೆಲ್ಲಿಂದ ಬಂತು, ಹಟವೆಲ್ಲಿಂದ ಬಂತು? ಆದರೆ ಫಿನ್ಲೆಂಡಿನಲ್ಲಿ ನಡೆಯುವ ಕೋಲುಕುದುರೆ ಸ್ಪರ್ಧೆಗಳಲ್ಲಿ ಸವಾರಳು ತಡೆಬೇಲಿಯ ಮುಂದೆ ಥಟ್ಟನೆ ನಿಂತರೆ ಅಥವಾ ಪಕ್ಕಕ್ಕೆ ಸರಿದು ಹೋದರೆ, ತೀರ್ಪುಗಾರರು ಅದನ್ನು 'ನಿರಾಕರಣೆ' ಎಂದು ಬರೆದುಕೊಳ್ಳುತ್ತಾರೆ. ನಿಜವಾದ ಕುದುರೆ ಬೇಲಿ ಹಾರಲು ಒಪ್ಪದಿದ್ದಾಗ ಸವಾರಿ ಕ್ರೀಡೆಯಲ್ಲಿ ಬಳಸುವ ಪದವೇ ಅದು. ಕೇಳಿದವರಿಗೆ ನಗು ಬರುವುದು ಸಹಜ. ಆ ನಗುವಿಗೆ ಫಿನ್ಲೆಂಡಿನ ಹುಡುಗಿಯರು ಕೊಟ್ಟ ಉತ್ತರವೇ ಈ ಕಾಯಿದೆ ಕಟ್ಟಳೆಗಳು. ಅವುಗಳ ಕಥೆಯೇ ಇಂದಿನ ವಿಷಯ.

ಕೋಲನ್ನು ಕಾಲುಗಳ ನಡುವೆ ಸಿಕ್ಕಿಸಿಕೊಂಡು 'ಟಕ್ ಟಕ್' ಎಂದು ಓಡುವ ಆಟವನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ಬಹು ಹಳೆಯದು. ಸ್ಪಾರ್ಟಾದ ದೊರೆ ಅಜೆಸಿಲಾಸ್ ತನ್ನ ಪುಟ್ಟ ಮಕ್ಕಳೊಡನೆ ಮನೆಯೊಳಗೆ ಕೋಲುಕುದುರೆ ಏರಿ ಆಡುತ್ತಿದ್ದಾಗ ಮಿತ್ರನೊಬ್ಬನ ಕಣ್ಣಿಗೆ ಬಿದ್ದನಂತೆ. ನೀನೂ ಮಕ್ಕಳ ತಂದೆಯಾಗುವವರೆಗೆ ಇದನ್ನು ಯಾರಿಗೂ ಹೇಳಬೇಡ ಎಂದು ದೊರೆ ಬೇಡಿಕೊಂಡನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ರಣರಂಗದಲ್ಲಿ ಅಳುಕದವನಿಗೂ ಕೋಲುಕುದುರೆಯ ಮೇಲೆ ಸಿಕ್ಕಿಬೀಳಲು ನಾಚಿಕೆ! ಮುಂದೆ 1560ರಲ್ಲಿ ಪೀಟರ್ ಬ್ರೂಗಲ್ ಎಂಬ ಚಿತ್ರಕಾರ ಮಕ್ಕಳ ಆಟಗಳನ್ನೆಲ್ಲ ಒಂದೇ ಚಿತ್ರದಲ್ಲಿ ಬಿಡಿಸಿದಾಗ ಕೋಲುಕುದುರೆಯ ಸವಾರನೂ ಅದರಲ್ಲಿ ಸ್ಥಾನ ಪಡೆದ. ಇನ್ನೊಂದು ಸ್ವಾರಸ್ಯವುಂಟು. ಬಿಡುವಿನ ವೇಳೆಯ ಹವ್ಯಾಸಕ್ಕೆ ಎಲ್ಲರೂ ಬಳಸುವ 'ಹಾಬಿ' ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ ಈ ಕುದುರೆಯಿಂದ. ಹಾಬಿ ಎಂದರೆ ಮೊದಲು ಒಂದು ಬಗೆಯ ಸಣ್ಣ ಕುದುರೆ. ಅದರಿಂದ 'ಹಾಬಿ ಹಾರ್ಸ್' ಎಂಬ ಆಟಿಕೆ. ಆ ಆಟಿಕೆಯಿಂದ, ಮನಸ್ಸು ಹಿಡಿದು ಬಿಡದ ಯಾವುದೇ ಹುಚ್ಚು ಎಂಬ ಅರ್ಥ. ಅಂಚೆಚೀಟಿ ಕೂಡಿಡುವವರೂ ಒಂದರ್ಥದಲ್ಲಿ ಕೋಲುಕುದುರೆಯ ಸವಾರರೇ.

ಫಿನ್ನಿಷ್ ಭಾಷೆಯಲ್ಲಿ ಇದಕ್ಕೆ 'ಕೆಪ್ಪಿಹೆವೊನೆನ್' ಎನ್ನುತ್ತಾರೆ. ಕೆಪ್ಪಿ ಎಂದರೆ ಕೋಲು, ಹೆವೊನೆನ್ ಎಂದರೆ ಕುದುರೆ. ಈ ಆಟಿಕೆ ಅಲ್ಲಿ ಹದಿಹರೆಯದ ಹುಡುಗಿಯರ ಕೈಯಲ್ಲಿ ಸದ್ದಿಲ್ಲದೆ ಒಂದು ಕ್ರೀಡೆಯಾಗಿ ಬೆಳೆಯಿತು. ಹುಡುಗಿಯರು ಕುದುರೆಯ ತಲೆಯನ್ನು ತಾವೇ ಹೊಲಿದರು, ಲಗಾಮು ಕಟ್ಟಿದರು, ಹೆಸರಿಟ್ಟರು, ತಳಿಯನ್ನೂ ವಂಶಾವಳಿಯನ್ನೂ ಕಲ್ಪಿಸಿದರು. ಕಾಡಿನ ದಾರಿಯಲ್ಲಿ, ಮನೆಯ ಹಿತ್ತಿಲಲ್ಲಿ ಅಭ್ಯಾಸ ಮಾಡಿದರು. ಇಂಟರ್ನೆಟ್ ಬಂದ ಮೇಲೆ ದೂರದೂರದ ಊರುಗಳಲ್ಲಿದ್ದವರು ಪರಸ್ಪರ ಪರಿಚಯವಾದರು. ಶಾಲೆಯಲ್ಲಿ ಮಾತ್ರ ಬಹಳ ಜನ ಇದನ್ನು ಗುಟ್ಟಾಗಿಟ್ಟರು. ಹನ್ನೆರಡು ಹದಿಮೂರು ದಾಟಿದ ಹುಡುಗಿ ಕೋಲಿನ ಮೇಲೆ ಕುಣಿಯುವುದೆಂದರೆ ಸಹಪಾಠಿಗಳು ಗೇಲಿ ಮಾಡದೆ ಬಿಡುವರೇ? ಸೆಲ್ಮಾ ವಿಲ್ಹುನೆನ್ ಎಂಬ ನಿರ್ದೇಶಕಿ ಈ ಹುಡುಗಿಯರ ಬದುಕನ್ನು ಹಿಂಬಾಲಿಸಿ ತೆಗೆದ ಸಾಕ್ಷ್ಯಚಿತ್ರ 2017ರಲ್ಲಿ ತೆರೆಕಂಡಿತು. ಅದರ ಹೆಸರಿನಲ್ಲೇ 'ಕ್ರಾಂತಿ' ಎಂಬ ಮಾತಿದೆ. ಗುಟ್ಟು ಬಯಲಾಯಿತು. 2019ರ ಜೂನ್‌ನಲ್ಲಿ ಸೆಯಿನಾಯೊಕಿ ಎಂಬ ಊರಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಗೆ ನಾನೂರಕ್ಕೂ ಹೆಚ್ಚು ಮಂದಿ ಬಂದಿದ್ದರು. ದೇಶದಲ್ಲಿ ಹವ್ಯಾಸಿಗಳ ಸಂಖ್ಯೆ ಸುಮಾರು ಹತ್ತು ಸಾವಿರ ಎಂದು ಆಗಿನ ವರದಿಗಳು ಅಂದಾಜು ಮಾಡಿದ್ದವು.

ಇನ್ನು ಸ್ಪರ್ಧೆಯ ವಿಭಾಗಗಳಿಗೆ ಬರೋಣ. ಮುಖ್ಯವಾದವು ಎರಡು: ಬೇಲಿ ಹಾರುವುದು ಮತ್ತು ಡ್ರೆಸಾಜ್. ಎರಡೂ ನಿಜ ಕುದುರೆಯ ಸವಾರಿ ಕ್ರೀಡೆಯಿಂದ ಎರವಲು ಪಡೆದವು.

ಬೇಲಿ ಹಾರುವ ವಿಭಾಗದಲ್ಲಿ ಅಂಗಳದ ತುಂಬ ಬಣ್ಣದ ಅಡ್ಡಕೋಲುಗಳ ತಡೆಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಸವಾರಳು ಮೊದಲೇ ಆ ದಾರಿಯನ್ನು ನಡೆದು ನೋಡಿ ನೆನಪಿಟ್ಟುಕೊಳ್ಳಬೇಕು. ಕ್ರಮ ತಪ್ಪಿ ಹಾರಿದವಳು ಸ್ಪರ್ಧೆಯಿಂದ ಹೊರಗೆ. ಅಡ್ಡಕೋಲು ಕೆಳಗೆ ಬಿದ್ದರೆ ದಂಡದ ಅಂಕ. ನಿಜ ಕುದುರೆಯ ಕ್ರೀಡೆಯಲ್ಲಿ ಇದಕ್ಕೆ 4 ಅಂಕಗಳ ದಂಡ. ಬೀಳಿಸಿದ್ದು ಸವಾರಳ ಪಾದವೋ ಕುದುರೆಯ ಬಾಲದ ಕಡೆಯ ಕೋಲೋ ಎಂಬ ವಾದಕ್ಕೆ ಅವಕಾಶವಿಲ್ಲ. ಇಬ್ಬರೂ ಒಂದೇ ಜೀವವೆಂಬುದು ಆಟದ ಮೂಲ ನಂಬಿಕೆ. ತಪ್ಪಿಲ್ಲದೆ ಮುಗಿಸಿದವರು ಹಲವರಿದ್ದರೆ ಮತ್ತೊಂದು ಸುತ್ತು, ಅಲ್ಲಿ ಕಡಿಮೆ ಸಮಯ ತೆಗೆದುಕೊಂಡವಳು ವಿಜೇತೆ. ಬೇಲಿಗಳ ಎತ್ತರಕ್ಕೆ ತಕ್ಕಂತೆ ದರ್ಜೆಗಳಿವೆ. ಎಳೆಯರಿಗೆ ಮೊಣಕಾಲಿನ ಎತ್ತರ, ನುರಿತವರಿಗೆ ಸೊಂಟದ ಎತ್ತರ.

ಇದರದೇ ಒಂದು ಕವಲು 'ಪ್ಯೂಸಾನ್ಸ್'. ಫ್ರೆಂಚಿನಲ್ಲಿ ಶಕ್ತಿ ಎಂದರ್ಥ. ಇಲ್ಲಿ ವೇಗದ ಮಾತಿಲ್ಲ. ಸುತ್ತು ಸುತ್ತಿಗೆ ಬೇಲಿಯನ್ನು ಏರಿಸುತ್ತ ಹೋಗುತ್ತಾರೆ. ಬೀಳಿಸಿದವರು ಒಬ್ಬೊಬ್ಬರಾಗಿ ಹೊರನಡೆಯುತ್ತಾರೆ. ಒಂದು ಮೀಟರನ್ನು ಮೀರಿದ ಬೇಲಿಯನ್ನೂ ಕಾಲುಗಳ ನಡುವೆ ಕೋಲು ಹಿಡಿದೇ ಹಾರುವ ಹುಡುಗಿಯರಿದ್ದಾರೆ. ನಗುವವರು ಒಮ್ಮೆ ಹಗ್ಗ ಕಟ್ಟಿ ಪ್ರಯತ್ನಿಸಿ ನೋಡಬಹುದು.

ಡ್ರೆಸಾಜ್ ಇನ್ನೂ ಸೂಕ್ಷ್ಮವಾದದ್ದು. ಅದನ್ನು ಕುದುರೆಯ ನೃತ್ಯವೆಂದು ಕರೆಯುವುದುಂಟು. ಆಯತಾಕಾರದ ಅಂಗಳದ ಸುತ್ತ ಎ, ಕೆ, ಇ, ಎಚ್, ಸಿ, ಎಂ, ಬಿ, ಎಫ್ ಎಂಬ ಅಕ್ಷರಗಳ ಫಲಕಗಳಿರುತ್ತವೆ. ವರ್ಣಮಾಲೆಯ ಕ್ರಮದಲ್ಲಿ ಅಲ್ಲ, ಹೇಳಿದ ಈ ಕ್ರಮದಲ್ಲೇ. ಯಾವ ಅಕ್ಷರದ ಬಳಿ ನಡಿಗೆ ಬದಲಿಸಬೇಕು, ಎಲ್ಲಿ ವೃತ್ತ ಬರೆಯಬೇಕು, ಎಲ್ಲಿ ಅಲುಗಾಡದೆ ನಿಲ್ಲಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ನಿಜ ಕುದುರೆಯಾದರೆ ಒಂದೊಂದು ಚಲನೆಗೂ ತೀರ್ಪುಗಾರರು ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಕೋಲುಕುದುರೆಯ ಅಂಗಳ ಚಿಕ್ಕದು, ಆದರೆ ಪಾಠ ಅದೇ.

ಕನ್ನಡದಲ್ಲಿ ಕುದುರೆಯ ನಡೆಗಳಿಗೆ ಸೊಗಸಾದ ಹೆಸರುಗಳಿವೆ. ನಡಿಗೆ, ಕುಕ್ಕುಲೋಟ, ನಾಗಾಲೋಟ. ನಾಗಾಲೋಟವೆಂದರೆ ನಾಲ್ಕು ಕಾಲಿನ ಓಟ. ಅದನ್ನು ಎರಡೇ ಕಾಲಿನಲ್ಲಿ ಓಡಿ ತೋರಿಸಬೇಕಾದದ್ದು ಕೋಲುಕುದುರೆಯ ಸವಾರಳ ಕಷ್ಟ. ಕುಕ್ಕುಲೋಟಕ್ಕೆ ಎರಡು ತಾಳ: ಮೊಣಕಾಲನ್ನು ಎತ್ತೆತ್ತಿ ಒಂದೊಂದೇ ಹೆಜ್ಜೆ ಸಮನಾಗಿ ಇಡಬೇಕು. ನಾಗಾಲೋಟದ ನಿಧಾನ ರೂಪವಾದ 'ಕ್ಯಾಂಟರ್'ನಲ್ಲಿ ಒಂದೇ ಕಾಲು ಸದಾ ಮುಂದಿದ್ದು ಇನ್ನೊಂದು ಅದನ್ನು ಹಿಂಬಾಲಿಸಬೇಕು. ಎಡಕ್ಕೆ ತಿರುಗುವಾಗ ಎಡಗಾಲು ಮುಂದೆ, ಬಲಕ್ಕೆ ತಿರುಗುವಾಗ ಬಲಗಾಲು. ದಿಕ್ಕು ಬದಲಾದಾಗ ಓಟ ನಿಲ್ಲಿಸದೆ ಗಾಳಿಯಲ್ಲೇ ಕಾಲು ಬದಲಿಸಬೇಕು. ಇಷ್ಟೆಲ್ಲ ನಡೆಯುತ್ತಿರುವಾಗ ಸೊಂಟದಿಂದ ಮೇಲಿನ ಭಾಗ ಮಾತ್ರ ಏನೂ ಆಗದಂತೆ ನೆಟ್ಟಗೆ, ಶಾಂತವಾಗಿ ಇರಬೇಕು. ಏಕೆಂದರೆ ಮೇಲಿನ ಅರ್ಧ ಸವಾರಳು; ಕೆಳಗಿನ ಅರ್ಧ ಕುದುರೆ. ತೀರ್ಪುಗಾರರು ಒಂದೇ ದೇಹದಲ್ಲಿ ಇಬ್ಬರನ್ನು ನೋಡಿ ಇಬ್ಬರಿಗೂ ಅಂಕ ಹಾಕುತ್ತಾರೆ.

ಇವಲ್ಲದೆ, ಹಾರುವ ಭಂಗಿಗೂ ಲಯಕ್ಕೂ ಅಂಕ ಕೊಡುವ ಶೈಲಿ ವಿಭಾಗವಿದೆ. ಮೂರು ಪೀಪಾಯಿಗಳನ್ನು ಸುತ್ತಿ ಬರುವ, ಅಮೆರಿಕದ ದನಗಾಹಿಗಳ ಆಟದಿಂದ ಬಂದ ಓಟವೂ ಕೆಲವು ಕಡೆ ಉಂಟು. ವಿವರಗಳು ಸ್ಪರ್ಧೆಯಿಂದ ಸ್ಪರ್ಧೆಗೆ ಸ್ವಲ್ಪ ಬದಲಾಗುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓಡುವುದು, ಹಾರುವುದೇ ಮುಖ್ಯವಾದರೆ ಈ ಹುಡುಗಿಯರು ಅಥ್ಲೆಟಿಕ್ಸ್‌ಗೆ ಸೇರಬಾರದೇಕೆ? ಕೋಲನ್ನು ಬಿಸಾಡಿ ಹರ್ಡಲ್ಸ್ ಓಡಬಹುದಲ್ಲ? ಕಲಾ ಇತಿಹಾಸಕಾರ ಅರ್ನ್ಸ್ಟ್ ಗೊಂಬ್ರಿಕ್ 1951ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಇದಕ್ಕೆ ಉತ್ತರ ಹುಡುಕಲು ನೆರವಾಗುತ್ತದೆ. ಕೋಲುಕುದುರೆ ಎಂಬುದು ಕುದುರೆಯ ಚಿತ್ರವಲ್ಲ, ಕುದುರೆಯ ಬದಲಿ ಎಂಬುದು ಅವರ ವಾದ. ನೋಡಲು ಅದು ಕುದುರೆಯನ್ನು ಹೋಲಬೇಕೆಂದೇನಿಲ್ಲ. ಏರಿ ಸವಾರಿ ಮಾಡಲು ಒದಗಿದರೆ ಸಾಕು, ಅದು ಕುದುರೆ. ಫಿನ್ಲೆಂಡಿನ ಹುಡುಗಿಯರು ಇದಕ್ಕೆ ಇನ್ನೊಂದು ಮೆಟ್ಟಿಲು ಸೇರಿಸಿದರು. ಮಗುವಿನ ಕಲ್ಪನೆಯಲ್ಲಿ ಕೋಲು ಕುದುರೆಯಾದರೆ ಅದು ಆ ಮಗುವೊಂದಕ್ಕೇ ಸೇರಿದ ಕುದುರೆ. ಹತ್ತು ಜನ ಕೂಡಿ ಒಪ್ಪಿದ ಕಟ್ಟಳೆಯಿಂದ ಕುದುರೆಯಾದರೆ ಅದು ಎಲ್ಲರಿಗೂ ಕುದುರೆ. ಪಂದ್ಯದಲ್ಲಿ ಗೆಲ್ಲಬಲ್ಲದು, ಸೋಲಬಲ್ಲದು, ಹಟವನ್ನೂ ಹಿಡಿಯಬಲ್ಲದು.

ಕಟ್ಟಳೆ ಎಂಬುದು ಬಾಗಿಲು ತೆರೆಯುತ್ತದೆ, ಮುಚ್ಚಲೂ ಮುಚ್ಚುತ್ತದೆ. ನಿಜ ಕುದುರೆಯ ಕ್ರೀಡೆಯ ಇತಿಹಾಸವೇ ಅದಕ್ಕೆ ಸಾಕ್ಷಿ. ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಹೆಂಗಸರಿಗೆ ಬಹುಕಾಲ ಪ್ರವೇಶವಿರಲಿಲ್ಲ. ಸೈನಿಕನಿಗಾದರೋ ಅಧಿಕಾರಿಯ ದರ್ಜೆ ಇರಲೇಬೇಕಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಡ್ರೆಸಾಜ್‌ನಲ್ಲಿ ಚಿನ್ನ ಗೆದ್ದಿತು. ತಂಡದ ಗೆನೆಲ್ ಪೆರ್ಸನ್ ಸಾರ್ಜೆಂಟ್ ಆಗಿದ್ದವರು. ಕೂಟಕ್ಕೆಂದೇ ಅವರಿಗೆ ಲೆಫ್ಟಿನೆಂಟ್ ಪದವಿ ಕೊಟ್ಟು, ಕೂಟ ಮುಗಿದ ಮೇಲೆ ಮರಳಿ ಸಾರ್ಜೆಂಟ್ ಮಾಡಲಾಯಿತು. ವಿಷಯ ಹೊರಬಿದ್ದು 1949ರಲ್ಲಿ ಪದಕ ಕೈತಪ್ಪಿತು, ಚಿನ್ನ ಫ್ರಾನ್ಸಿನ ಪಾಲಾಯಿತು. ಸವಾರಿಯಲ್ಲಿ ಕೊರತೆಯಿರಲಿಲ್ಲ, ಇದ್ದದ್ದು ಭುಜದ ಮೇಲಿನ ಪಟ್ಟಿಯಲ್ಲಿ.

ಆ ಕಟ್ಟಳೆ ಮುರಿದದ್ದು 1952ರಲ್ಲಿ. ಎಲ್ಲಿ ಗೊತ್ತೇ? ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ. ಆ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ವಿಭಾಗವನ್ನು ಮೊದಲ ಬಾರಿಗೆ ಹೆಂಗಸರಿಗೂ ತೆರೆಯಲಾಯಿತು. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಬೆಳ್ಳಿ ಗೆದ್ದರು. 1944ರಲ್ಲಿ ಪೋಲಿಯೊ ಬಡಿದು ಅವರ ಮೊಣಕಾಲಿನ ಕೆಳಗಿನ ಭಾಗ ಸ್ವಾಧೀನ ತಪ್ಪಿತ್ತು. ಕುದುರೆ ಏರಲು, ಇಳಿಯಲು ಬೇರೆಯವರ ನೆರವು ಬೇಕಿತ್ತು. ಅದೇ ಕೂಟದಲ್ಲಿ ಪೆರ್ಸನ್ ಮರಳಿ ಬಂದು ಸ್ವೀಡನ್ ತಂಡದೊಡನೆ ಚಿನ್ನ ಪಡೆದರು. ಬೇಲಿ ಹಾರುವ ವಿಭಾಗ ಹೆಂಗಸರಿಗೆ ತೆರೆದದ್ದು 1956ರಲ್ಲಿ, ಮೂರು ಸ್ಪರ್ಧೆಗಳು ಕೂಡಿದ 'ಈವೆಂಟಿಂಗ್' ತೆರೆದದ್ದು 1964ರಲ್ಲಿ.

ಈವೆಂಟಿಂಗ್ ಎಂದೊಡನೆ ಕನ್ನಡಿಗರಿಗೆ ಬೆಂಗಳೂರಿನ ಫವಾದ್ ಮಿರ್ಜಾ ನೆನಪಾಗಬೇಕು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದವರು. ಆ ಮಟ್ಟಕ್ಕೇರಲು ಪ್ರತಿಭೆ, ಪರಿಶ್ರಮದ ಜೊತೆಗೆ ಕುದುರೆ ಬೇಕು, ಲಾಯ ಬೇಕು, ಮೇವು ಬೇಕು, ಪಶುವೈದ್ಯರು ಬೇಕು, ವಿದೇಶದಲ್ಲಿ ತರಬೇತಿ ಬೇಕು. ದರ್ಜೆಯ ಕಟ್ಟಳೆ ಹೋದರೂ ದುಡ್ಡಿನ ಕಟ್ಟಳೆ ಬರೆಯದೆಯೇ ಉಳಿದಿದೆ. ಫಿನ್ಲೆಂಡಿನಲ್ಲೂ ಕುದುರೆ ಸಾಕುವುದು ಎಲ್ಲ ಮನೆಗಳಿಗೆ ಎಟುಕುವ ಮಾತಲ್ಲ. ಕೋಲು, ಬಟ್ಟೆ, ಸೂಜಿ, ದಾರ ಎಲ್ಲರಿಗೂ ಎಟುಕುತ್ತವೆ. ಈ ಸವಾರರಲ್ಲಿ ನಿಜ ಕುದುರೆಯನ್ನೂ ಏರುವವರಿದ್ದಾರೆ, ಎಂದೂ ಏರದವರೂ ಇದ್ದಾರೆ. ಅಂಗಳದಲ್ಲಿ ಇಬ್ಬರಿಗೂ ಬೇಲಿಯ ಎತ್ತರ ಒಂದೇ.

ಹಾಗೆಂದು ಎಲ್ಲವೂ ಸುಗಮವೆಂದಲ್ಲ. ಹೆಸರು ಬಂದಂತೆ ಆಟ ಗಡಿ ದಾಟಿದೆ. ಜರ್ಮನಿಯ ಮೊದಲ ರಾಷ್ಟ್ರೀಯ ಸ್ಪರ್ಧೆ 2024ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆಯಿತು. ಸ್ಪರ್ಧೆ ದೊಡ್ಡದಾದಷ್ಟೂ ಕಟ್ಟಳೆಗಳ ಪುಸ್ತಕ ದಪ್ಪವಾಗುತ್ತದೆ, ಅಂಗಡಿಯ ಕುದುರೆಗಳ ಬೆಲೆ ಏರುತ್ತದೆ, ಹಿರಿಯರು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಹುಡುಗಿಯರು ತಮಗಾಗಿ ಬರೆದುಕೊಂಡ ನಿಯಮ ನಾಳೆ ಬಡ ಹುಡುಗಿಯೊಬ್ಬಳನ್ನು ಬಾಗಿಲಲ್ಲೇ ನಿಲ್ಲಿಸುವಂತಾದರೆ, 1948ರ ಕಥೆಯೇ ಕೋಲಿನ ಮೇಲೆ ಮರುಕಳಿಸಿದಂತೆ. ಹೊಲಿದ ಕುದುರೆಗೂ ಕೊಂಡ ಕುದುರೆಗೂ ಭೇದ ಹುಟ್ಟದಂತೆ ನೋಡಿಕೊಳ್ಳುವುದು ಈ ಕ್ರೀಡೆಯ ಮುಂದಿರುವ ನಿಜವಾದ ಬೇಲಿ.

ಹುಡುಗಿ ದೊಡ್ಡವಳಾಗುತ್ತಿದ್ದಂತೆ 'ಇನ್ನು ಓಡಬೇಡ, ಕುಣಿಯಬೇಡ, ಜನ ನಗುತ್ತಾರೆ' ಎಂಬ ಮಾತು ಎಲ್ಲ ದೇಶಗಳಲ್ಲೂ ಕೇಳಿಸುತ್ತದೆ. ಧಾಟಿ ಮಾತ್ರ ಬೇರೆ ಬೇರೆ. ಸ್ಪಾರ್ಟಾದ ದೊರೆ ಗುಟ್ಟು ಬಿಡಬೇಡವೆಂದು ಬೇಡಿಕೊಂಡ. ಈ ಹುಡುಗಿಯರು ಹಾಗೆ ಬೇಡಿಕೊಳ್ಳುವುದನ್ನು ಬಿಟ್ಟು ಅಂಗಳ ಅಳೆದರು, ಬೇಲಿ ನೆಟ್ಟರು, ತೀರ್ಪುಗಾರರನ್ನು ಕೂರಿಸಿದರು. 'ನಿರಾಕರಣೆ' ಎಂದು ತಮ್ಮ ಹೆಸರಿನ ಮುಂದೆ ಬರೆಸಿಕೊಳ್ಳಲೂ ಸಿದ್ಧರಾದರು. ಸುಮ್ಮನೆ ಆಡುವವರ ತಪ್ಪನ್ನು ಯಾರೂ ಎಣಿಸುವುದಿಲ್ಲ. ತಪ್ಪನ್ನು ಎಣಿಸಿ ಕಾಗದಕ್ಕೆ ಇಳಿಸುವುದೆಂದರೆ, ಅವಳ ಓಟವನ್ನು ಯಾರೋ ಗಮನವಿಟ್ಟು ನೋಡುತ್ತಿದ್ದಾರೆ ಎಂದರ್ಥ. ಆ ಹುಡುಗಿಯರು ಕೇಳಿದ್ದು ಅಷ್ಟನ್ನೇ.