ಪದವಿಯೋ, ಕೈಕಸುಬೋ?

(ಸಾರಕ್ಕಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿದ ಮಕ್ಕಳು ಇಂದು ಮನೆಮನೆಯಲ್ಲೂ ಒಂದು ಪ್ರಶ್ನೆ ಎತ್ತಿದ್ದಾರೆ: 'ವೆಬ್ ವಿನ್ಯಾಸದ ಕೆಲಸಕ್ಕೆ ಹೋಗುವವರಿಗೆ ಕಾಲೇಜು ಏಕೆ?' ಸಾಲ ಮಾಡಿ ಓದಿಸಬೇಕೆ ಬೇಡವೆ ಎಂದು ಹೆತ್ತವರು ನಮ್ಮನ್ನು ಕೇಳುತ್ತಾರೆ. ಇದು ಹರಟೆಯ ಮಾತಲ್ಲ. ಹೊಲಿಗೆ ಕಾರ್ಖಾನೆಯ ಸಂಬಳದಲ್ಲಿ, ತರಕಾರಿ ಗಾಡಿಯ ದುಡಿಮೆಯಲ್ಲಿ ಉಳಿಸಿದ ಕಾಸಿನ ಪ್ರಶ್ನೆ.

ಮೊದಲು ಕಸುಬೇನೆಂದು ತಿಳಿಯೋಣ. ವೆಬ್ ಪುಟಕ್ಕೆ ಮುಖ್ಯವಾಗಿ ಮೂರು ಭಾಷೆ ಬೇಕು. ಎಚ್‌ಟಿಎಂಎಲ್ ಎಂಬುದು ಗೋಡೆ, ಸಿಎಸ್‌ಎಸ್ ಸುಣ್ಣಬಣ್ಣ, ಜಾವಾಸ್ಕ್ರಿಪ್ಟ್ ಬಾಗಿಲು, ಕೀಲು, ದೀಪದ ಗುಂಡಿ. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬಾತ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಈ ಜಾಲದ ಯೋಜನೆ ಮುಂದಿಟ್ಟ. 1993ರ ಏಪ್ರಿಲ್ 30ರಂದು ಆ ಸಂಸ್ಥೆ, ಯಾರಿಗೂ ಕಪ್ಪ ಕಟ್ಟಬೇಕಿಲ್ಲದಂತೆ ಅದನ್ನು ಲೋಕಕ್ಕೇ ಬಿಟ್ಟುಕೊಟ್ಟಿತು. ಈ ಭಾಷೆಗಳ ಪಾಠ ಇಂದು ಪುಕ್ಕಟೆ ಸಿಗುತ್ತದೆ. ಮಗ್ಗದ ಕೆಲಸವನ್ನು ಮಗ್ಗದ ಮುಂದೆ ಕುಳಿತು ಕಲಿತಂತೆ ಇದನ್ನೂ ಮಾಡಿ ಕಲಿಯಬಹುದು. ಕಲಿಯುವುದಕ್ಕೆ ಮಾತ್ರವಾದರೆ ಕಾಲೇಜು ಕಡ್ಡಾಯವಲ್ಲ.

ಆದರೆ ಕಲಿಯುವುದೇ ಬೇರೆ, ಕೆಲಸ ಸಿಗುವುದೇ ಬೇರೆ. ದೊಡ್ಡ ಕಂಪನಿಗಳು ಹೊಸಬರನ್ನು ಹೆಚ್ಚಾಗಿ ಕಾಲೇಜುಗಳಿಂದಲೇ ಆರಿಸುತ್ತವೆ. ಅಮೆರಿಕದ ಎಚ್-1ಬಿ ವೀಸಾ ಕೂಡ ಪದವಿಯನ್ನೋ ಅದಕ್ಕೆ ಸಮನಾದುದನ್ನೋ ಕೇಳುತ್ತದೆ. ತಮಿಳುನಾಡಿನ ಜೋಹೋ ಕಂಪನಿಯಂತೆ ಶಾಲೆ ಮುಗಿಸಿದವರಿಗೆ ಭತ್ಯೆ ಕೊಟ್ಟು ತಾನೇ ಕಲಿಸಿ ಕೆಲಸ ಕೊಡುವವರೂ ಇದ್ದಾರೆ, ಅಂಥವರು ವಿರಳ.

'ಬಿಲ್ ಗೇಟ್ಸ್ ಕಾಲೇಜು ಬಿಟ್ಟವನಲ್ಲವೆ?' ಎಂದು ಹುಡುಗರು ಕೇಳುತ್ತಾರೆ. ಹೌದು, 1975ರಲ್ಲಿ ಬಿಟ್ಟ. ಬಿಟ್ಟದ್ದು ಹಾರ್ವರ್ಡನ್ನು. ಆತನ ತಂದೆ ವಕೀಲ. ಆತ ಓದಿದ ಖಾಸಗಿ ಶಾಲೆಯಲ್ಲಿ 1968ರಲ್ಲೇ ಕಂಪ್ಯೂಟರ್ ಬಳಸುವ ಅನುಕೂಲವಿತ್ತು. ಉಳ್ಳವರ ಮಗನಿಗೆ ಪದವಿ ಇಲ್ಲದಿದ್ದರೆ ಮನೆತನದ ಪರಿಚಯ ಸಾಕ್ಷಿ ಹೇಳುತ್ತದೆ. ನಮ್ಮ ಮಗುವಿನ ಪರ ಸಾಕ್ಷಿ ಹೇಳುವುದು ಆ ಕಾಗದ ಒಂದೇ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಕಾಲೇಜು ಬಿಡಿಸಿದ ಮರುದಿನವೇ ಎಷ್ಟೋ ಮನೆಗಳಲ್ಲಿ ಮದುವೆಯ ಮಾತು ಏಳುತ್ತದೆ. ಅವರ ಪಾಲಿಗೆ ಆ ಮೂರು ವರ್ಷವೆಂದರೆ ಮೂರು ವರ್ಷದ ಸ್ವಾತಂತ್ರ್ಯ.

ಈಗ ಯಂತ್ರಬುದ್ಧಿ ಬಂದಿದೆ. ಸಾಧಾರಣ ಪುಟವನ್ನು ಅದು ನಿಮಿಷದಲ್ಲಿ ಹೆಣೆದುಕೊಡುತ್ತದೆ. ಆದ್ದರಿಂದ ಗುಂಡಿ ಒತ್ತುವುದನ್ನು ಮಾತ್ರ ಕಲಿಸುವ ಅಲ್ಪಾವಧಿ ತರಬೇತಿಗೆ ಲಕ್ಷಗಟ್ಟಲೆ ಸುರಿಯಬೇಡಿ. ಉಳಿಯುವುದು ಬೇರೆ ಬಗೆಯ ತಿಳಿವಳಿಕೆ. ಗಿರಾಕಿಯ ಅಗತ್ಯ ಅರಿಯಬೇಕು. ಕಣ್ಣು ಕಾಣದವರಿಗೂ ಪುಟ ಓದಿ ಹೇಳುವಂತಿರಬೇಕು. ಅಗ್ಗದ ಫೋನಿನಲ್ಲೂ ಬೇಗ ತೆರೆಯಬೇಕು. ಇಂಗ್ಲಿಷಿಗೆಂದು ಬಿಗಿಯಾಗಿ ಕೂಡಿಸಿದ ಸಾಲುಗಳಲ್ಲಿ ಕನ್ನಡದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಅದನ್ನು ಗುರುತಿಸಿ ಸರಿಮಾಡಲು ಕನ್ನಡ ಬಲ್ಲ ಕಣ್ಣೇ ಬೇಕು.

ಹಾಗಾದರೆ ದಾರಿ ಯಾವುದು? ಶುಲ್ಕ ಕಟ್ಟುವ ಮೊದಲು ಮಗು ಮೂರು ತಿಂಗಳು ಮನೆಯಲ್ಲೇ ಕಲಿಯಲಿ. ಸಾರಕ್ಕಿ ಮಾರುಕಟ್ಟೆಯ ಒಂದು ಅಂಗಡಿಗೆ ದರಪಟ್ಟಿಯ ಪುಟವನ್ನು ಕನ್ನಡದಲ್ಲಿ ಮಾಡಿಕೊಡಲಿ. ಆಸಕ್ತಿ ನಿಂತರೆ ಮುಂದಿನ ಮಾತು. ಆಗ ಸರ್ಕಾರಿ ಸಂಸ್ಥೆಯನ್ನೇ ಮೊದಲು ವಿಚಾರಿಸಿ. ಐ.ಟಿ.ಐ.ಯಲ್ಲಿ 'ಕೋಪಾ' ಎಂಬ ಒಂದು ವರ್ಷದ ಕಂಪ್ಯೂಟರ್ ಕಸುಬಿನ ಶಿಕ್ಷಣವಿದೆ. ಎಸ್.ಎಸ್.ಎಲ್.ಸಿ. ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ. ಕಸುಬು ಮತ್ತು ಓದು ಒಂದೇ ಸೂರಿನಡಿ ಇರಬೇಕೆಂದು ವಿಶ್ವೇಶ್ವರಯ್ಯನವರು ಶ್ರಮಿಸಿದ್ದರ ಫಲವಾಗಿ 1943ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. ದುಡಿಯಲೇಬೇಕಾದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವಿದೆ. ಖಾಸಗಿಯವರು 'ಕೆಲಸ ಗ್ಯಾರಂಟಿ' ಎಂದರೆ, ಕಳೆದ ವರ್ಷ ಎಷ್ಟು ಮಂದಿಗೆ, ಎಷ್ಟು ಸಂಬಳಕ್ಕೆ ಎಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ನಮ್ಮ ಮಗ್ಗುಲಿನ ಬಡಾವಣೆಗೆ ಯಾರ ಹೆಸರಿದೆಯೋ ಆ ಜಯಪ್ರಕಾಶ ನಾರಾಯಣರು ಅಸಹಕಾರ ಚಳವಳಿಯ ಕರೆಗೆ ಪಟ್ನಾದ ಕಾಲೇಜು ಬಿಟ್ಟವರು. ಓದನ್ನು ಬಿಡಲಿಲ್ಲ. 1922ರಲ್ಲಿ ಅಮೆರಿಕಕ್ಕೆ ಹೋಗಿ, ದ್ರಾಕ್ಷಿ ತೋಟಗಳಲ್ಲಿ ದುಡಿದು, ಪಾತ್ರೆ ತೊಳೆದು ಪದವಿ ಪಡೆದರು. ದುಡಿಮೆ ಕೀಳಲ್ಲ, ಓದು ದಂಡವಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು: ಕಡಿಮೆ ಖರ್ಚಿನ ಓದು ಸಿಗುವುದಾದರೆ ಬಿಡಬೇಡಿ, ಬಡ್ಡಿಸಾಲದ ಓದಿಗೆ ಅವಸರಪಡಬೇಡಿ, ಎರಡರಲ್ಲೂ ಕೈಕಸುಬನ್ನು ನಿಲ್ಲಿಸಬೇಡಿ. ಜೊತೆಗೆ, ವಾರ್ಡಿನ ಗ್ರಂಥಾಲಯದಲ್ಲಿ ಕಂಪ್ಯೂಟರುಗಳು ಬೇಕು, ಸಂಜೆಯ ಪಾಠ ಬೇಕು ಎಂದು ಎಲ್ಲರೂ ಕೂಡಿ ಅರ್ಜಿ ಕೊಡೋಣ. ಸಹಿ ಹಾಕುವ ಹಾಳೆ ಮೇಜಿನ ಮೇಲಿದೆ.