ಕೆಂಪು ಕಟ್ಟಡ ಮತ್ತು ಚಂದ್ರಗುತ್ತಿಯ ಕಕ್ಷಿದಾರ

ಚಂದ್ರಗುತ್ತಿ ಗೊತ್ತಲ್ಲ? ಸೊರಬ ತಾಲ್ಲೂಕಿನ ಊರು. ಬೆಟ್ಟದ ಮೇಲೆ ಕೋಟೆ, ಗುಹೆಯಲ್ಲಿ ರೇಣುಕಾಂಬೆ. ಪಕ್ಕದಲ್ಲೇ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕು. ಎರಡೂ ಕಡೆ ಅಡಿಕೆ ತೋಟ, ಎರಡೂ ಕಡೆ ಬೇಲಿ ಜಗಳ, ಅಣ್ತಮ್ಮಂದಿರ ಪಾಲಿನ ದಾವೆ. ಆದರೆ ಕೇಸು ಹೈಕೋರ್ಟಿಗೆ ಹೋಯ್ತು ಅಂದ್ರೆ ದಾರಿ ಬೇರೆ. ಸಿದ್ದಾಪುರದವರಿಗೆ ಧಾರವಾಡ ಪೀಠ. ಚಂದ್ರಗುತ್ತಿಯವರು ವಕೀಲರನ್ನು ನೋಡೋಕೂ ರಾತ್ರಿ ಬಸ್ಸು ಹತ್ತಿ, 300 ಕಿಲೋಮೀಟರಿಗೂ ಆಚೆಯ ಬೆಂಗಳೂರಿಗೆ ಬರಬೇಕು. ಧಾರವಾಡ ಅದರ ಅರ್ಧ ದೂರದಲ್ಲಿದೆ!

ಹೀಗೆ ಬಂದವರು ಕಬ್ಬನ್ ಪಾರ್ಕಿನ ಅಂಚಲ್ಲಿ ಒಂದು ಕೆಂಪು ಕಟ್ಟಡದ ಮುಂದೆ ನಿಲ್ತಾರೆ. ಅಠಾರಾ ಕಚೇರಿ. ಅಠಾರಾ ಅಂದರೆ ಹದಿನೆಂಟು. ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದು. 1831ರಲ್ಲಿ ಬ್ರಿಟಿಷರು ಮಹಾರಾಜರಿಂದ ಆಡಳಿತ ಕಿತ್ತುಕೊಂಡ ಮೇಲೆ ಕಚೇರಿಗಳು ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದವು. ಜಾಗ ಸಾಲಲಿಲ್ಲ. 1864ರಿಂದ 1868ರವರೆಗೆ ಈ ಕಟ್ಟಡ ಎದ್ದಿತು. ಯೋಜನೆ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯದು. ಹೌದು, ಸ್ಯಾಂಕಿ ಕೆರೆಯ ಸ್ಯಾಂಕಿಯೇ. ಗುತ್ತಿಗೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್ ಅವರದು. ಎಂಜಿನಿಯರಿಂಗ್ ಓದಿದವನು ನಾನು. ಇಟ್ಟಿಗೆ, ಕಲ್ಲು, ಗ್ರೀಕ್ ಮಾದರಿಯ ಎತ್ತರದ ಕಂಬಗಳು, ಎರಡಂತಸ್ತಿನ ಉದ್ದನೆಯ ಜಗಲಿ ನೋಡಿದಾಗ ಖುಷಿಯಾಗುತ್ತೆ. ಆದರೆ ಇದು ನ್ಯಾಯ ಕೇಳಿ ಬಂದವರಿಗೆ ಕಟ್ಟಿದ್ದಲ್ಲ, ದೊರೆತನ ತೋರಿಸೋಕೆ ಕಟ್ಟಿದ್ದು. ವಿಧಾನಸೌಧ ಎದುರಿಗೆ ಎದ್ದ ಮೇಲೆ ಇಲಾಖೆಗಳು ಅತ್ತ ಹೋದವು, ನ್ಯಾಯಾಲಯ ಉಳಿಯಿತು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಾಗ, ಉಳಿಸಿ ಎಂಬ ಅರ್ಜಿ ಬಂದದ್ದೂ ಇದೇ ಹೈಕೋರ್ಟಿಗೆ!

ಕಟ್ಟಡ ಉಳೀತು, ಸಂತೋಷ. ಉಳಿದದ್ದು ಅದೊಂದೇ ಅಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಸೊರಬ ಮೈಸೂರಲ್ಲೇ ಇತ್ತು. 1956ರಲ್ಲಿ ರಾಜ್ಯ ಒಂದಾಯ್ತು. 2008ರಲ್ಲಿ ಧಾರವಾಡಕ್ಕೆ ಪೀಠ ಬಂದಾಗ ಉತ್ತರ ಕನ್ನಡ ಅತ್ತ, ಶಿವಮೊಗ್ಗ ಇತ್ತ. ಸೊರಬ-ಸಿದ್ದಾಪುರದ ನಡುವೆ ಹಳೇ ಗೆರೆಯೇ ಮತ್ತೆ ಬಿತ್ತು.

ಜಿಲ್ಲೆಯನ್ನೇ ಧಾರವಾಡಕ್ಕೆ ಬರೆದುಕೊಡಿ ಅಂತಿಲ್ಲ ನಾನು. ಭದ್ರಾವತಿಯವರಿಗೆ ಬೆಂಗಳೂರೇ ಅನುಕೂಲ, ರೈಲೂ ಇದೆ. ಸೊರಬದಂಥ ಗಡಿ ತಾಲ್ಲೂಕಿನವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳೋ ಅವಕಾಶ ಕೊಡಿ. ಎರಡೂ ಒಂದೇ ಹೈಕೋರ್ಟು ತಾನೇ?